ಮರ ಬರೆಯದೆ ಹೋದ ಗಿರಿಜಕ್ಕ

ಏನು ಬರೆಯಲಿ ಗೊತ್ತಾಗುತ್ತಿಲ್ಲ...
ಟೈಪ್ ಮಾಡುತ್ತೇನೆ, ಅಳಿಸುತ್ತೇನೆ.

ಬೆಳಿಗ್ಗೆ ಗಿರಿಜಕ್ಕನ ಮಗಳು ಅನನ್ಯಾ ಫೋನ್ ಮಾಡಿದಳು.
"ಆಂಟಿ, ಮಮ್ಮಿ ಉಠ್ ನಹೀ ರಹೀ" ಅಂದಳು.
"ಮಲಗಲಿ ಬಿಡು, ಲೇಟಾಗಿ ಪೇಂಟ್ ಮಾಡಿರ್ತಾರೆ" ಅಂದೆ ನಾನು.
ಫೋನಿನಲ್ಲಿ ಅವಳ ಅಳು ಕೇಳಿತು...
ಆಗ ಅರ್ಥವಾಯಿತು. ಆಮೇಲೆ ಮತ್ತೆ ಅರ್ಥವಾಗಲಿಲ್ಲ.

ನಮ್ಮ ಗಿರಿಜಕ್ಕ ಹೋಗಿಬಿಟ್ಟರಂತೆ.
ನೋಯ್ಡಾದ ಅವರ ಮನೆಗೆ ಹೋಗಿ, ಕಣ್ಣಾರೆ ನೋಡಿ ಬಂದು, ಈಗಲೂ "ಅಂತೆ" ಅಂತಲೇ ಬರೆಯುತ್ತಿದ್ದೇನೆ...

ಅವರನ್ನು ಕಾಣದವರಿಗೆ ಸ್ವಲ್ಪ ಹೇಳುತ್ತೇನೆ.
ಗಿರಿಜಕ್ಕ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವರು. ದಿಲ್ಲಿಯ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸ್‌ನಲ್ಲಿ ಮೇಲೆ ಅವರು, ಕೆಳಗೆ ನಾವು.
ಚಿತ್ರ ಬರೆಯುವುದನ್ನು ಯಾರೂ ಕಲಿಸಿರಲಿಲ್ಲ. ಆಫೀಸಿನಿಂದ ಬಂದು ಅಡುಗೆ ಮುಗಿಸಿ, ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ ಕೂರುತ್ತಿದ್ದರು.
ಬಣ್ಣ ಕಲಸಲು ಹಳೆಯ ಇಡ್ಲಿ ತಟ್ಟೆ. ಒಂದೊಂದು ಗುಳಿಯಲ್ಲಿ ಒಂದೊಂದು ಬಣ್ಣ.
ಮನೆಯವರೆಲ್ಲ ಊಟದ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಣ್ಣಬೇಕು. ಬಂದ ಅತಿಥಿಗಳಿಗೂ ಅದೇ ಗತಿ.

ಒಮ್ಮೆ ಮೆಟ್ಟಿಲ ಬಳಿಯ ಮೀಟರ್ ಬಾಕ್ಸ್‌ಗಳ ಮೇಲೆಲ್ಲ ಗುಬ್ಬಿ ಬರೆದರು. ರೀಡಿಂಗ್‌ಗೆ ಬಂದ ಭಯ್ಯಾ ಹಸಿ ಬಣ್ಣ ತಾಗಿ ಕೈಯೆಲ್ಲ ಕಂದು ಮಾಡಿಕೊಂಡು ಹೋದ.
ಇನ್ನೊಮ್ಮೆ ನಮ್ಮ ಕನ್ನಡ ಸಂಘದ ನಾಟಕಕ್ಕೆ ಅರಮನೆಯ ಪರದೆ ಬರೆದುಕೊಟ್ಟರು. ಬಿಡಿಸಿ ನೋಡಿದರೆ ಅರಮನೆಯ ಕಿಟಕಿಯಲ್ಲಿ ಕೂಲರ್...
"ದಿಲ್ಲಿ ರಾಜ ಅಲ್ವೇನೆ, ಸೆಕೆ ಆಗಲ್ವಾ ಅವನಿಗೆ?" ಅಂದಿದ್ದರು.

ಅವರದೊಂದು ವಿಚಿತ್ರ ಪದ್ಧತಿ. ಯಾವ ಚಿತ್ರವಾದರೂ ಮೊದಲು ನೆರಳು, ಆಮೇಲೆ ವಸ್ತು.
ಮಂಚದ ನೆರಳು ಬರೆದು, ಅದು ಒಣಗಿದ ಮೇಲೆ ಮಂಚ.
ಯಾಕೆ ಅಂತ ಕೇಳಿದರೆ, "ನೆರಳು ಸರಿಯಾಗಿ ಬಿದ್ರೆ ಮಿಕ್ಕಿದ್ದು ತಾನೇ ಕೂತ್ಕೊಳತ್ತೆ" ಅನ್ನುವರು.
ನನಗೆ ಇದುವರೆಗೂ ತಲೆಬುಡ ತಿಳಿದಿಲ್ಲ.

ಆಮೇಲೆ ಆ ಕ್ವಾರ್ಟರ್ಸ್ ಕೆಡವಿದರು. ಟವರ್‌ಗಳು ಎದ್ದವು. ನಾವೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಆದೆವು.
ಗಿರಿಜಕ್ಕನ ಯಜಮಾನರು ತೀರಿಕೊಂಡ ಮೇಲೆ ತಾಯಿ ಮಗಳು ನೋಯ್ಡಾ ಸೇರಿದರು.
ಅಲ್ಲಿ ಶುರುವಾಯಿತು ದೊಡ್ಡ ಪ್ರಾಜೆಕ್ಟ್... ನಮ್ಮ ಹಳೇ ಬ್ಲಾಕಿನ ಅಂಗಳ, ಒಂದೇ ಕ್ಯಾನ್ವಾಸ್‌ನಲ್ಲಿ.
ಹಳೇ ನೆರೆಯವರನ್ನು ಒಬ್ಬೊಬ್ಬರಾಗಿ ಮನೆಗೆ ಕರೆದರು. "ಫೋಟೋ ತರಬೇಡಿ, ಬಾಯಲ್ಲಿ ಹೇಳಿ" ಅನ್ನುವುದು ಷರತ್ತು.
ಯಾರ ಸ್ಕೂಟರ್ ಎಲ್ಲಿ, ಯಾರ ಹಪ್ಪಳ ಯಾವ ಮಂಚದ ಮೇಲೆ, ಎಲ್ಲ ಕೇಳಿ ಕೇಳಿ ಬರೆದರು.

ತಕರಾರು ಬಂದದ್ದು ಅಂಗಳದ ಮರದ ವಿಷಯಕ್ಕೆ.
ಅದು ನೇರಳೆ ಅಂತ ನಾನು. ಬೇವು ಅಂತ ಪಕ್ಕದ ಮನೆಯಲ್ಲಿದ್ದ ರಾಯರು.
ಹಳೇ ನೆರೆಯವರ ವಾಟ್ಸಾಪ್ ಗ್ರೂಪಿನಲ್ಲಿ ಇದಕ್ಕೇ ಜಗಳವಾಯಿತು. ನಾನು ಸೋಲುವವಳಲ್ಲ, ರಾಯರಂತೂ ರಿಟೈರ್ ಆದ ಆಫೀಸರ್.
ಮೊನ್ನೆ ಗಿರಿಜಕ್ಕನ ವಾಯ್ಸ್ ಮೆಸೇಜ್ ಬಂತು...
"ಅಚ್ಛಾ, ಇಬ್ರೂ ಸಂಡೇ ಬನ್ನಿ. ಚಿತ್ರಾನ್ನ ಮಾಡಿರ್ತೀನಿ. ಮರ ಒಂದು ಬಾಕಿ, ಅದನ್ನ ತೀರ್ಮಾನ ಮಾಡಿ ಮುಗಿಸೋಣ."

ಗಿರಿಜಕ್ಕ...
ಸಂಡೇ ಇನ್ನೂ ಬಂದಿಲ್ಲ.
ಇಬ್ಬರೂ ಇವತ್ತೇ ಬಂದೆವು. ನೀವು ಏಳಲಿಲ್ಲ.
ನಿಮ್ಮ ಇಡ್ಲಿ ತಟ್ಟೆಯಲ್ಲಿ ಹಸಿರು ಬಣ್ಣ ಕಲಸಿಟ್ಟಿತ್ತು. ಬೆರಳಿಟ್ಟು ನೋಡಿದೆ, ಒಣಗಿರಲಿಲ್ಲ.
ಯಾವ ಮರಕ್ಕೆ ಅಕ್ಕಾ, ಆ ಹಸಿರು?
ಯಾರನ್ನು ಕೇಳಲಿ ಈಗ?

ಎಲ್ಲ ಮುಗಿಸಿ ಬಂದ ಮೇಲೆ ಅನನ್ಯಾ ನಮ್ಮಿಬ್ಬರನ್ನೂ ಕ್ಯಾನ್ವಾಸ್ ಮುಂದೆ ನಿಲ್ಲಿಸಿದಳು.
ಸಂಘದ ಹಾಲ್‌ನಲ್ಲಿ ಅಮ್ಮನ ಹೆಸರಿನಲ್ಲಿ ಸೇರುವ ದಿನ ಇದನ್ನೇ ಇಡಬೇಕು ಅನ್ನುವುದು ಅವಳ ಆಸೆ. ಅವಳ ಫ್ರೆಂಡ್ ಒಬ್ಬಳು ಪೇಂಟರ್, ಮುಗಿಸಿಕೊಡುತ್ತಾಳಂತೆ.
"ಬಸ್, ಪೇಡ್ ಬತಾ ದೀಜಿಯೆ ಆಂಟಿ. ಯಾವ್ದು ಇತ್ತು? ನೀಮ್ ಯಾ ಜಾಮುನ್?" ಬೇವೋ ನೇರಳೆಯೋ, ಮರ ಯಾವುದು ಹೇಳಿ ಅಂತ.

ಮೊನ್ನೆವರೆಗೂ ಆಣೆ ಇಟ್ಟು ಹೇಳುತ್ತಿದ್ದವಳು ನಾನು.
ರಾಯರ ಮುಖ ನೋಡಿದೆ.
ರಾಯರು ಕನ್ನಡಕ ಒರೆಸಿಕೊಂಡು, "ನೇರಳೆನೇ ಇರಬೇಕಮ್ಮ, ಇವರು ಹೇಳಿದ್ದೇ ಸರಿ" ಅಂದರು.
"ಇಲ್ಲ ರಾಯರೆ, ಬೇವೇ ಇತ್ತೇನೋ" ಅಂದೆ ನಾನು.
ಅನನ್ಯಾ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು...

ಆಗ ಚಿತ್ರವನ್ನು ಸರಿಯಾಗಿ ನೋಡಿದೆ.
ಮರದ ಜಾಗ ಬರೀ ಬಿಳಿ. ಕೆಳಗೆ ನೆರಳು ಮಾತ್ರ ಪೂರ್ತಿ ಇದೆ... ಅಂಗಳದ ತುಂಬ.
ಆ ನೆರಳಿನಲ್ಲಿ ನಾವೆಲ್ಲ ಕೂತಿದ್ದೇವೆ. ಹಪ್ಪಳ, ಸ್ಕೂಟರ್, ನನ್ನ ಹಸಿರು ಕಾರ್ಡಿಗನ್ ಕೂಡ.
ನನ್ನ ಮಂಚದ ಬೆಡ್‌ಶೀಟ್ ಮೇಲೆ ನೇರಳೆ ಹಣ್ಣಿನ ಕಲೆ.
ರಾಯರ ಕುರ್ಚಿಯ ಸುತ್ತ ಬೇವಿನ ಹಳದಿ ಎಲೆ.
ಎರಡೂ ಇವೆ.
ಒಂದೇ ನೆರಳಿನ ಕೆಳಗೆ.

ಅಲ್ಲ ಅಕ್ಕಾ, ಹಾಗಾದರೆ ಭಾನುವಾರ ತೀರ್ಮಾನ ಏನು ಇತ್ತು?
ಸುಮ್ಮನೆ ನಮ್ಮಿಬ್ಬರನ್ನೂ ಊಟಕ್ಕೆ ಕೂರಿಸುವ ನೆಪವಾ?
ಗೊತ್ತಿಲ್ಲ... ನಿಜವಾಗಿ ಗೊತ್ತಾಗುತ್ತಿಲ್ಲ.

"ಹಾಗೇ ಇರಲಿ ಪುಟ್ಟಿ, ಯಾರ ಕೈಲೂ ಬರೆಸಬೇಡ" ಅಂತ ಅನನ್ಯಾಗೆ ಹೇಳಿ ಬಂದಿದ್ದೇನೆ. ಸರಿಯೋ ತಪ್ಪೋ ತಿಳಿಯದು. ರಾಯರು ತಲೆಯಾಡಿಸಿದರು. ನಾವಿಬ್ಬರೂ ಒಪ್ಪಿದ್ದು ಇದೇ ಮೊದಲು.

ಹೋಗಿ ಬನ್ನಿ ಗಿರಿಜಕ್ಕ...
ಈ ಊರಿನ ಬಿಸಿಲಲ್ಲಿ ನಮ್ಮನ್ನೆಲ್ಲ ನೆರಳಿಗೆ ಕೂರಿಸಿ ಹೋದಿರಿ.
ನಿಮ್ಮ ಜೀವಕ್ಕೂ ತಂಪಾದ ಜಾಗ ಸಿಗಲಿ.
ಅಲ್ಲಿ ಯಾವ ಮರ ಇದ್ದರೂ ಸರಿ.
🙏