ಲಾಯದ ಮಾವ ಮತ್ತು ಗಯ್ಯಾಳಿ

ಸೀರಂ ತಯಾರಿಸುವ ಆ ಸಂಸ್ಥೆಯಲ್ಲಿ ಬಿಳಿ ಕೋಟಿನವರು ಎಷ್ಟೇ ಇರಲಿ, ನಿಜವಾಗಿ ದುಡಿಯುವವರು ಕಟ್ಟಡದ ಹಿಂದಿನ ಲಾಯದಲ್ಲಿದ್ದರು, ನಾಲ್ಕು ಕಾಲಿನ ಮೇಲೆ. ಅವರ ಮೈ ಉಜ್ಜಿ, ಗೊರಸು ಕೆರೆದು, ಮೇವು ಹಾಕುತ್ತಿದ್ದವನು ಲಾಯದ ಮಾವ. ಯಾರಿಗೆ ಮಾವ ಎಂದು ಕೇಳಬೇಡಿ, ಅಲ್ಲಿ ಎಲ್ಲರಿಗೂ ಮಾವನೇ. ಹರೆಯದಲ್ಲಿ ಕುದುರೆಗಾಡಿ ಓಡಿಸುತ್ತಿದ್ದ. ಆಟೋಗಳು ಬಂದು ಗಾಡಿ ಮೂಲೆ ಸೇರಿದ ಮೇಲೆ ಇಲ್ಲಿಗೆ ಬಂದವನು ಇಲ್ಲೇ ತಲೆ ನರೆಸಿಕೊಂಡ.

ಅವನ ಮುದ್ದಿನವಳು ಒಂದು ಕಂದು ಹೆಣ್ಣು ಕುದುರೆ. ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿದ್ದುದರಿಂದ ಲಾಯದವರು ಅವಳಿಗೆ ಗಯ್ಯಾಳಿ ಎಂದು ಹೆಸರಿಟ್ಟಿದ್ದರು. ಮಾವನ ಮುಂದೆ ಮಾತ್ರ ಹಸುಗೂಸು. ಮನೆಯಲ್ಲಿ ಹೆಂಡತಿಗೆ ಅವಳು ಸವತಿ. "ನನ್ನ ಸವತಿಯ ಊಟ ಆಯ್ತಾ? ಹಾಗಾದ್ರೆ ಇನ್ನು ನೀವು ಉಣ್ಣಬಹುದು," ಎಂದು ದಿನವೂ ತಟ್ಟೆ ಕುಕ್ಕುತ್ತಿದ್ದಳು.

ಗಯ್ಯಾಳಿಯ ಕೆಲಸ ಸಣ್ಣದಲ್ಲ. ಗಂಟಲುಮಾರಿ ಎಂಬ ರೋಗ ಮಕ್ಕಳ ಗಂಟಲನ್ನೇ ಮುಚ್ಚಿಬಿಡುತ್ತದೆ. ಆ ರೋಗಾಣುವಿನ ವಿಷದ ಸೊಕ್ಕು ಅಡಗಿಸಿ ಕುದುರೆಗೆ ಆಗಾಗ ಚುಚ್ಚುತ್ತಾರೆ. ಕುದುರೆಯ ಮೈ ಅದರ ಗುರುತು ಹಿಡಿದು, ಅದನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವಳ ರಕ್ತದಿಂದ ಬೇರ್ಪಡಿಸಿದ ಆ ಪ್ರತಿಕಾಯಗಳೇ ಔಷಧ. ಕಾಯಿಲೆ ಬಿದ್ದ ಮಗುವಿನ ಮೈ ತನ್ನದೇ ಪ್ರತಿಕಾಯ ತಯಾರಿಸಲು ಸಮಯ ಬೇಕು, ವಿಷ ಅಷ್ಟು ಕಾಯುವುದಿಲ್ಲ. ಅಲ್ಲಿಯವರೆಗೆ ಗಯ್ಯಾಳಿಯದೇ ಆಸರೆ.

ಆದರೆ ಚುಚ್ಚಿದ ಮೇಲೆ ಅವಳ ಕತ್ತು ಊದಿಕೊಳ್ಳುತ್ತಿತ್ತು. ಒಮ್ಮೆ ಊತ ಜೋರಾಗಿ, ಮಾವನ ಹೆಗಲ ಮೇಲೆ ತಲೆಯಿಟ್ಟು ನಿಂತುಬಿಟ್ಟಳು. ಮಾವ ಅಲ್ಲಾಡದೆ ಅವಳ ಕತ್ತು ಸವರುತ್ತ ನಿಂತ. ಮುಂದಿನ ಸರದಿಗೆ ಸೂಜಿ ಹಿಡಿದು ಬಂದ ಲಾಯದ ವೈದ್ಯೆಗೆ, "ಮೇವು ಮುಟ್ಟಿಲ್ಲ ಡಾಕ್ಟರಮ್ಮಾ," ಎಂದು ಸುಳ್ಳು ಬಿಟ್ಟ. ಹುಷಾರಿಲ್ಲದ ಕುದುರೆಗೆ ಅಲ್ಲಿ ಚುಚ್ಚುವುದಿಲ್ಲ. ಅದರ ಮುಂದಿನ ಸರದಿಗೂ ಅದೇ ಸುಳ್ಳು. ಗಯ್ಯಾಳಿ ಸೊಂಪಾಗಿ ಮೆಲ್ಲುತ್ತಿದ್ದಳು, ಮಾವ ಮೀಸೆಯಲ್ಲೇ ನಗುತ್ತಿದ್ದ.

ಆಮೇಲೆ ರಕ್ತ ಪರೀಕ್ಷೆಯಾಯಿತು. ಪ್ರತಿಕಾಯ ಪಾತಾಳಕ್ಕೆ ಇಳಿದಿತ್ತು. ಕುದುರೆಗೆ ವಯಸ್ಸಾಯಿತು, ಮಾರಿಬಿಡೋಣ ಎಂದು ಮೇಲಿನವರು ಹೇಳಿದರು. ಕಚ್ಚುವ ಕುದುರೆಗೆ ಹೊರಗೆ ಸಿಗುವುದು ಚಾಟಿಯೇಟು ಎಂಬುದು ಹಳೇ ಗಾಡಿಯವನಿಗೆ ಗೊತ್ತಿರದೆ ಇರುತ್ತದೆಯೇ? ಕೆಲಸ ಹೋದರೂ ಹೋಗಲಿ ಎಂದು ಮಾವ ಡಾಕ್ಟರಮ್ಮನ ಮುಂದೆ ಹೋಗಿ ನಿಂತ.

"ಅವಳದೇನೂ ತಪ್ಪಿಲ್ಲಮ್ಮ. ಮೇವು ಚೆನ್ನಾಗೇ ತಿಂತಿದ್ಲು. ಸುಳ್ಳು ಹೇಳಿದ್ದು ನಾನು."

ಡಾಕ್ಟರಮ್ಮನ ಮುಖ ಗಂಟಾಯಿತು. "ಕುದುರೆ ಮೇಲೆ ಮರುಕ ಬಂತು, ಸರಿ. ಉಸಿರು ಸಿಕ್ಕಿಕೊಂಡು ಒದ್ದಾಡೋ ಮಗು ಮೇಲೆ ಬರಲಿಲ್ವಾ ಮಾವ?"

"ತಪ್ಪಾಯ್ತಮ್ಮ," ಎಂದು ಮಾವ ಕೈ ಮುಗಿದ.

"ಮೊದಲೇ ಹೇಳಬಾರದಿತ್ತಾ? ಊತ ಬರದ ಹಾಗೆ ನಾಲ್ಕೈದು ಕಡೆ ಸ್ವಲ್ಪ ಸ್ವಲ್ಪ ಚುಚ್ಚಬಹುದಿತ್ತು," ಎಂದರು. ಆಮೇಲೆ ದನಿ ತಗ್ಗಿತು. "ರಕ್ತದಲ್ಲಿ ಪ್ರತಿಕಾಯ ಇಳಿದಿರಬಹುದು. ಆದ್ರೆ ಅದನ್ನ ಮಾಡೋದು ಕಲಿತ ಕಣಗಳು ಮೈಯೊಳಗೆ ಇನ್ನೂ ಇರ್ತಾವೆ. ಹಳೇ ಶತ್ರು ಮುಖ ಕಂಡ್ರೆ ಎದ್ದು ಬರ್ತಾವೆ. ಇನ್ನೊಂದು ಸಲ ಚುಚ್ಚಿ ನೋಡೋಣ. ಆಮೇಲೂ ಏರದಿದ್ರೆ ನನ್ನ ಕೈಲಿ ಏನೂ ಇಲ್ಲ."

ಈ ಸಲ ಚುಚ್ಚುವಾಗ ಗಯ್ಯಾಳಿಯ ಹಗ್ಗ ಹಿಡಿದವನು ಮಾವನೇ. "ನೀನು ಮರೆತಿಲ್ಲ ಅಲ್ವೇನೇ?" ಎಂದು ಕಿವಿಯಲ್ಲಿ ಕೇಳುತ್ತ ನಿಂತ. ಮತ್ತೆ ರಕ್ತ ಪರೀಕ್ಷೆಯಾಗುವವರೆಗೆ ಅವನಿಗೆ ಅನ್ನ ರುಚಿಸಲಿಲ್ಲ. ಹೆಂಡತಿಯೂ ತಟ್ಟೆ ಕುಕ್ಕಲಿಲ್ಲ.

ಫಲಿತಾಂಶ ಹಿಡಿದು ಡಾಕ್ಟರಮ್ಮ ತಾವೇ ಲಾಯಕ್ಕೆ ಬಂದರು. "ಲಾಯದಲ್ಲಿ ಇವಳಷ್ಟು ಪ್ರತಿಕಾಯ ಯಾರಿಗೂ ಇಲ್ಲ ಮಾವ. ಇವಳ ಹಿಂದಿನ ಲೆಕ್ಕವನ್ನೂ ಇವಳೇ ದಾಟಿದಾಳೆ. ಇಲ್ಲೇ ಇರ್ಲಿ."

ಮಾವನ ಎದೆ ಉಬ್ಬಿತು. ಮಗಳು ಮೊದಲ ದರ್ಜೆಯಲ್ಲಿ ಪಾಸಾದಾಗಲೂ ಅವನು ಅಷ್ಟು ಬೀಗಿರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಮನೆ ಸೇರಿದ.

ಮರುದಿನ, ಅಷ್ಟು ವರ್ಷಗಳಲ್ಲಿ ಲಾಯದ ಕಡೆ ತಲೆಹಾಕದಿದ್ದ ಹೆಂಡತಿ ಸೆರಗಿನಲ್ಲಿ ಕ್ಯಾರೆಟ್ ಕಟ್ಟಿಕೊಂಡು ಬಂದಳು. ಕಚ್ಚುತ್ತಾಳೆ ಎಂದು ಮಾವ ಎಚ್ಚರಿಸಿದರೂ ಕೇಳದೆ, ಕತ್ತಿನ ಮೇಲೆ ಸೂಜಿ ಚುಚ್ಚಿದಲ್ಲಿ ಸಾಲಾಗಿದ್ದ ಚಿಕ್ಕ ಗಂಟುಗಳನ್ನು ಒಂದೊಂದಾಗಿ ಸವರಿದಳು. ಗಯ್ಯಾಳಿ ಕಿವಿ ಹಿಂದಕ್ಕೆ ಮಾಡಿದಳು, ಕಚ್ಚಲಿಲ್ಲ.

"ಇಷ್ಟು ನೋವು ತಿಂದು ಯಾರ್ಯಾರ ಮಕ್ಕಳನ್ನೋ ಉಳಿಸ್ತೀಯಲ್ಲೇ," ಎಂದಳು ಅವಳು. ಆಮೇಲೆ ಗಂಡನ ಕಡೆ ತಿರುಗಿದಳು. "ಇನ್ಮೇಲೆ ಸವತಿ ಅನ್ನಲ್ಲ. ಅಕ್ಕ ಅಂತೀನಿ. ಮೊದಲು ಅಕ್ಕಂಗೆ ಹಾಕಿ, ಆಮೇಲೆ ಬಂದು ಉಣ್ಣಿ."