ನಾಲ್ಕು ಪೆಟ್ಟಿಗೆ ಬೆರೆಸಿದ ಗೋಡೆ

"ಇವನು ಮೇಸ್ತ್ರಿಯಂತೆ! ಗೋಡೆಗೆ ಸ್ಟಿಕ್ಕರ್ ಅಂಟಿಸೋನು. ಅದನ್ನೂ ನೆಟ್ಟಗೆ ಅಂಟಿಸೋಕೆ ಬರಲ್ಲ."

ಬೆಳಗಿನ ಬಿಸಿಲು ಈಗಷ್ಟೇ ಗೇಟು ದಾಟಿದೆ. ಹೊಸ ಮನೆಯ ಅಂಗಳದಲ್ಲಿ ಪೇಂಟರು, ಪ್ಲಂಬರು, ಪಕ್ಕದ ಮನೆಯವರು ನಿಂತಿದ್ದಾರೆ. ಮಾತು ಆಡಿದ್ದು ಮನೆಯೊಡತಿಯ ಭಾವ. ಮನೆ ಯಾರದೋ, ಉಸ್ತುವಾರಿ ಮಾತ್ರ ಇವರದು. ಎಲ್ಲರೂ ನಗುತ್ತಾರೆ. ಮೇಸ್ತ್ರಿ ತಿರುಗಿಯೂ ನೋಡುವುದಿಲ್ಲ. ಅವರ ಕಣ್ಣು ಗೋಡೆಯ ಮೇಲಿದೆ. ಓರೆ ಬಿಸಿಲಿಗೆ ಎಲ್ಲವೂ ಬಯಲು: ಬಾಗಿಲ ಎಡಕ್ಕೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ, ಬೂದುಗಂದು ಕಲ್ಲುಗಳ ನಡುವೆ ಒಂದು ತಿಳಿ ಪಟ್ಟೆ. ಹೊಸ ಅಂಗಿಗೆ ಹಾಕಿದ ತೇಪೆಯ ಹಾಗೆ.

ನಿಜ ಹೇಳಬೇಕೆಂದರೆ ಇವು ಕಲ್ಲಲ್ಲ. ಸಿಮೆಂಟು, ಮರಳು, ಬಣ್ಣ ಕಲಸಿ ಅಚ್ಚಿಗೆ ಹೊಯ್ದ ಬಿಲ್ಲೆಗಳು. ಒಂದು ಪೆಟ್ಟಿಗೆಯ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ನಾಲ್ಕು ಪೆಟ್ಟಿಗೆ ಒಟ್ಟಿಗೆ ಒಡೆದು, ನೆಲದ ಮೇಲೆ ಹರಡಿ, ಬೆರೆಸಿ, ಆಮೇಲೆ ಗೋಡೆಗೆ ಕೂರಿಸಬೇಕು. ಬೆರೆಸುವ ಕೆಲಸ ಮೇಸ್ತ್ರಿಯ ಹೆಂಡತಿಯದು. ನಿನ್ನೆ ಅವರು ಜ್ವರದಲ್ಲಿ ಮಲಗಿದ್ದರು. ಮೇಸ್ತ್ರಿ ಅವಸರಕ್ಕೆ ಬಿದ್ದು ಒಂದೊಂದೇ ಪೆಟ್ಟಿಗೆ ಒಡೆದು ಅಂಟಿಸಿಬಿಟ್ಟರು. ಪಟ್ಟೆ ಹುಟ್ಟಿದ್ದು ಹಾಗೆ.

ಮನೆಯೊಡತಿ ಹೊಲಿಗೆ ಅಂಗಡಿ ನಡೆಸುವವರು. ಅವರು ನಗಲಿಲ್ಲ. "ಭಾನುವಾರ ನೆಂಟರೆಲ್ಲ ಮನೆ ನೋಡೋಕೆ ಬರ್ತಾರೆ. ಅಷ್ಟರೊಳಗೆ ಸರಿಹೋಗಲಿಲ್ಲ ಅಂದ್ರೆ ಪೂರ್ತಿ ಕೆತ್ತಿಸಿ ಪೇಂಟ್ ಹೊಡಿಸ್ತೀನಿ," ಎನ್ನುತ್ತಾರೆ. ಕೆತ್ತಿಸಿದರೆ ಈ ಬೀದಿಯಲ್ಲಿ ಮೇಸ್ತ್ರಿಗೆ ಇನ್ನೊಂದು ಗೋಡೆ ಸಿಗುವುದಿಲ್ಲ.

ಆಕೆಯ ಸಿಟ್ಟಿಗೂ ಕಾರಣವಿದೆ. ಈ ಬಣ್ಣ ಆರಿಸಲು ಆಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾವ ಅಂಗಡಿಯಲ್ಲಿ ಮಿರಿಮಿರಿ ಕಪ್ಪಿನ ಮೇಲೆ ಬೆರಳಿಟ್ಟು ಇದೇ ಆಗಲಿ ಎಂದಿದ್ದರು. ಮೇಸ್ತ್ರಿ ಒಪ್ಪಲಿಲ್ಲ. "ಅಂಗಡಿ ದೀಪದಲ್ಲಿ ಎಲ್ಲಾನೂ ಚೆಂದವೇ ಅಮ್ಮ. ನೀವಿರೋದು ಈ ಬಿಸಿಲಲ್ಲಿ," ಎಂದು ಮೂರು ಬಣ್ಣದ ಬಿಲ್ಲೆಗಳನ್ನು ಹೊತ್ತು ತಂದು ಇದೇ ಗೋಡೆಗೆ ಒರಗಿಸಿದರು. ಬೆಳಗ್ಗೆ ನೋಡಿ, ಮಧ್ಯಾಹ್ನ ಮುಟ್ಟಿ ಎಂದರು. ಆಮೇಲೆ ಒಂದು ಮಗ್ ನೀರು ಎರಚಿದರು. ಕಪ್ಪು ಮಧ್ಯಾಹ್ನಕ್ಕೆ ಕಾದ ಕಾವಲಿ. ಬೆಲ್ಲದ ಬಣ್ಣ ನೀರು ಬಿದ್ದೊಡನೆ ಕೆಸರು. ಬೂದುಗಂದು ಮಾತ್ರ ಅಲುಗಲಿಲ್ಲ. ಆಕೆ ಬಟ್ಟೆ ಸವರಿದಂತೆ ಅದನ್ನು ಸವರಿ, "ಇದು ನಂದು," ಎಂದಿದ್ದರು.

ಮೇಸ್ತ್ರಿ ಬೆಳೆದದ್ದು ಕಲ್ಲಿನ ಕ್ವಾರಿಯಲ್ಲಿ. "ಧೂಳು ಎದೇಲಿ ಕೂತ್ಬಿಡ್ತು. ಡಾಕ್ಟ್ರು ಕಲ್ಲು ಬಿಡು ಅಂದ್ರು, ಬಿಟ್ಟೆ. ಕಲ್ಲು ನನ್ನ ಬಿಡಬೇಕಲ್ಲ!" ಎಂದು ಕೆಮ್ಮುತ್ತಾ ನಗುತ್ತಾರೆ. ಗೇಟಿನ ಫಲಕದಲ್ಲಿ ಎಂಜಿನಿಯರ ಹೆಸರಿದೆ. ಬ್ಯಾನರಿನಲ್ಲಿ ಸಿಮೆಂಟು ಕಂಪನಿಯ ಹೆಸರಿದೆ. ಎದೆ ಸವೆಸಿದವನ ಹೆಸರು ಸ್ಟಿಕ್ಕರ್! ನಕ್ಕವರೆಲ್ಲ ಒಂದೇ ಒಂದು ಬಿಲ್ಲೆಯನ್ನು ಗೋಡೆಗೆ ಒತ್ತಿ ಹಿಡಿದು ನಿಲ್ಲಲಿ. ಆಗ ಗೊತ್ತಾಗುತ್ತದೆ.

ಮೇಸ್ತ್ರಿ ಉಳಿ ಎತ್ತಿಕೊಳ್ಳುತ್ತಾರೆ. ಪಟ್ಟೆಯನ್ನಷ್ಟೇ ಅಲ್ಲ, ಅದರ ಸುತ್ತಲಿನದನ್ನೂ ಕೀಳುತ್ತಾರೆ. ಗಟ್ಟಿ ಹಿಡಿದದ್ದು ಚೂರುಚೂರಾಗಿ ಉದುರುತ್ತದೆ. ಅಷ್ಟರಲ್ಲಿ ಹೆಂಡತಿ ತಲೆಗೆ ಶಾಲು ಸುತ್ತಿಕೊಂಡು ಬರುತ್ತಾರೆ.

"ಒಂದು ದಿನ ಮಲಗಿದ್ದಕ್ಕೆ ಗೋಡೆಗೆ ಸೊಂಟಪಟ್ಟಿ ಕಟ್ಟಿದೀರಲ್ರೀ!"

"ಬೈಯೋದು ಆಮೇಲೆ. ಮೊದ್ಲು ಬೆರೆಸು. ಜ್ವರ ಬಿಡ್ತಾ?"

"ಈ ಗೋಡೆ ನೋಡಿ ಓಡಿಹೋಯ್ತು."

ಮನೆಯ ಹಿಂಬದಿಯ ಗೋಡೆಗೆಂದು ಎತ್ತಿಟ್ಟಿದ್ದ ನಾಲ್ಕು ಪೆಟ್ಟಿಗೆಗಳನ್ನು ಒಡೆದು ಅವರು ಇಸ್ಪೀಟಿನ ಎಲೆಯಂತೆ ಕಲಸುತ್ತಾರೆ. ಹರಡಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡುತ್ತಾರೆ. "ಪೂರ್ತಿ ತೆರೆದ್ರೆ ಬಿಲ್ಲೆ ಕಾಣುತ್ತೆ. ಅರ್ಧ ಮುಚ್ಚಿದ್ರೆ ಗೋಡೆ ಕಾಣುತ್ತೆ," ಎನ್ನುತ್ತಾರೆ. ಗಂಡ ಕೇಳಿದಾಗ ಕೊಡುವುದಿಲ್ಲ. ಯಾವುದು ಎಲ್ಲಿಗೆ ಎಂದು ತಾವೇ ಆರಿಸಿ ಕೈಗಿಡುತ್ತಾರೆ. ಬಿಸಿಲು ಇಳಿಯುವವರೆಗೆ ಇಬ್ಬರೂ ಕೂರುವುದಿಲ್ಲ. ಮರುದಿನವೂ ಅಷ್ಟೇ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೇಸ್ತ್ರಿ ಕರಣೆ ಒರೆಸುತ್ತಾರೆ. "ದೊಡ್ಡದೇನಿಲ್ಲ. ಮೇಸ್ತ್ರಿ ಅಂತ ಕರೆದ್ರೆ ಸಾಕು. ಇಬ್ಬರನ್ನೂ."

ಭಾನುವಾರ ಬೆಳಗ್ಗೆ ಅದೇ ಓರೆ ಬಿಸಿಲು. ಮನೆಯೊಡತಿ ಗೋಡೆಯ ಮುಂದೆ ನಿಂತು ಹುಡುಕುತ್ತಾರೆ. ಪಟ್ಟೆ ಎಲ್ಲಿತ್ತೆಂದು ಅವರಿಗೇ ತಿಳಿಯುವುದಿಲ್ಲ. "ಮೇಸ್ತ್ರೀ, ಪಕ್ಕದ ಮನೆಯವರು ಅವರ ಗೋಡೆಗೂ ನಿಮ್ಮಿಬ್ಬರನ್ನೇ ಕೇಳ್ತಿದ್ದಾರೆ," ಎನ್ನುತ್ತಾರೆ. ಹೆಂಡತಿ ಶಾಲಿನ ಅಂಚಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ನೆಂಟರು ಬಂದಿಳಿಯುತ್ತಾರೆ. ಯಾರೋ ಗೋಡೆ ಸವರಿ, ಇದು ಯಾವ ಕ್ವಾರಿಯ ಕಲ್ಲು ಎಂದು ಕೇಳುತ್ತಾರೆ. ಭಾವನ ಎದೆ ಉಬ್ಬುತ್ತದೆ. "ನಾನೇ ನಿಂತು ಆರಿಸಿದ್ದು! ಏಯ್ ಸ್ಟಿಕ್ಕರ್, ಬಾರೋ ಇಲ್ಲಿ. ಹೇಗೆ ಮಾಡಿದ್ದು ಅಂತ ಇವ್ರಿಗೆ ಹೇಳು."

ಮೇಸ್ತ್ರಿ ಗೋಡೆಯನ್ನು ಒಮ್ಮೆ ಅರ್ಧಗಣ್ಣಲ್ಲಿ ನೋಡುತ್ತಾರೆ. ಮೂರು ಬಣ್ಣದ ಬಿಲ್ಲೆಗಳನ್ನು ಕಂಕುಳಲ್ಲಿ ಇರುಕಿಕೊಂಡು, ನೀರಿನ ಮಗ್ ಹಿಡಿದು, ಹೆಂಡತಿಯ ಹಿಂದೆ ಗೇಟು ದಾಟಿ ಪಕ್ಕದ ಮನೆಯತ್ತ ನಡೆಯುತ್ತಾರೆ.