ಡಾಕ್ಟ್ರಮ್ಮನ ಬಾಗಿದ ಬೆರಳು

ಡಾಕ್ಟ್ರಮ್ಮನ ಬಲಗೈಯ ತೋರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಪ್ರಾಯದಲ್ಲಿ ಯಾರಿಗೋ ಆಪರೇಷನ್ ಮಾಡುವಾಗ ಸೂಜಿ ಚುಚ್ಚಿ, ಕೀವಾಗಿ, ಕೊನೆಗೆ ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿಯೇ ಉಳಿದುಬಿಟ್ಟಿತ್ತು. ಯಾರನ್ನಾದರೂ ತೋರಿಸಿ ಬೈದರೆ ಬೆರಳು ಡಾಕ್ಟ್ರಮ್ಮನದೇ ಎದೆಯ ಕಡೆಗೆ ತಿರುಗಿರುತ್ತಿತ್ತು. "ಈ ಬೆರಳಿಗೆ ನನ್ನ ಬುಟ್ರೆ ಬ್ಯಾರೆ ಯಾರೂ ಸಿಕ್ಕಾಕಿಲ್ಲ" ಎಂದು ತಾವೇ ನಗುತ್ತಿದ್ದರು.

ತಮಿಳುನಾಡಿನ ಹರೂರು ಕಡೆಯ ಒಕ್ಕಲು ಮನೆತನದವರು. ಮನೆಮಾತು ನಮ್ಮದೇ ಕನ್ನಡ. ಸರ್ಕಾರಿ ನೌಕರಿ ಮುಗಿಸಿ ಸೇಲಂ ಕಡೆಯ ನಮ್ಮೂರು ನಂಗವಳ್ಳಿಗೆ ಬಂದು, ನನ್ನ ಅಂಗಡಿಯ ಪಕ್ಕದಲ್ಲೇ ಕ್ಲಿನಿಕ್ ಇಟ್ಟರು. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬಾವಿಯ ಮೋಟಾರು ಸುಟ್ಟುಹೋದರೆ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿಕೊಡುತ್ತೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಯಾವ ತೋಟದ ಬದಿಯಲ್ಲಿ ನಡೆದರೂ, ನಾನು ಕಟ್ಟಿದ ಮೋಟಾರಿನ ಸದ್ದನ್ನು ಬೇರೆಯದರಿಂದ ಬೇರೆ ಮಾಡಿ ಹೇಳಬಲ್ಲೆ. ಡಾಕ್ಟ್ರಮ್ಮ ನನ್ನನ್ನು ಕರೆಯುತ್ತಿದ್ದದ್ದೇ "ಲೇ ಮೋಟಾರು" ಎಂದು.

ಅವರಿಗೆ ಸುತ್ತುಬಳಸಿನ ಮಾತು ಆಗುತ್ತಿರಲಿಲ್ಲ. ಯಾರಾದರೂ ಬಂದು "ಮಗೀಗೆ ಜರ ಬಂದಂಗೈತೆ ಡಾಕ್ಟ್ರಮ್ಮ" ಅಂದರೆ, "ಬಂದೈತಾ, ಬಂದಂಗೈತಾ? ಮುಟ್ಟಿ ನೋಡ್ದೋರು ಯಾರು? ಅವರ್ನ ಕರ್ಕಂಡ್ ಬಾ" ಎನ್ನುತ್ತಿದ್ದರು. ಕಂಡವರೇ ಹೇಳಬೇಕು, ಮಾಡಿದವರೇ ಹೇಳಬೇಕು.

ನನ್ನ ತಂಗಿ ನಮ್ಮ ಕೇರಿಯಲ್ಲಿ ಎಂಬಿಬಿಎಸ್ ಮಾಡಿದ ಮೊದಲ ಹೆಣ್ಣು. ಹರೂರಿನಾಚೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಸರ್ಜನ್ ಆಗಬೇಕೆಂಬುದು ಅವಳ ಹಟ. ಅಷ್ಟು ಓದಿದರೂ ಸಾಲದು, ಮತ್ತೆ ಅರ್ಜಿ ಹಾಕಬೇಕು, ಪರೀಕ್ಷೆ ಬರೆಯಬೇಕು, ಇಂಟರ್ವ್ಯೂಗೆ ಕೂರಬೇಕು. ಸೀಟು ಸಿಕ್ಕರೆ ದೊಡ್ಡಾಸ್ಪತ್ರೆಯಲ್ಲೇ ಇದ್ದು, ಹಗಲಿರುಳು ದುಡಿಯುತ್ತಾ ಕಲಿಯಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಗಲೇ.

ಮೊದಲ ವರ್ಷ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕು ಬಂತು, ಇಂಟರ್ವ್ಯೂನಲ್ಲಿ ಬಿದ್ದಳು. ಅಪ್ಪ ಒಂದೇ ಮಾತು ಹೇಳಿದರು: "ಇನ್ನೊಂದ್ ಕಿತ ಓಗು. ಸಿಕ್ಕಿಲ್ಲ ಅಂದ್ರೆ ತಾರಮಂಗಲದ ಗಂಡಿಗೆ ಒಪ್ಕೋ." ಆ ಗಂಡಿನ ಮನೆಯವರು, ಹುಡುಗಿ ಕ್ಲಿನಿಕ್ಕಿನಲ್ಲಿ ಜ್ವರ ನೆಗಡಿ ನೋಡಿಕೊಂಡಿದ್ದರೆ ಸಾಕು ಎಂದಿದ್ದರು. ತಂಗಿ ಊಟ ಬಿಟ್ಟಳು. ನಾನು ಅವಳನ್ನು ಕರೆದುಕೊಂಡು ಹೋಗಿ ಡಾಕ್ಟ್ರಮ್ಮನ ಮುಂದೆ ನಿಲ್ಲಿಸಿದೆ.

"ಒಳಗೆ ಏನ್ ಕೇಳುದ್ರು, ನೀನ್ ಏನ್ ಯೋಳ್ದೆ, ಅಂಗಂಗೇ ಯೋಳು" ಎಂದರು.

ತಂಗಿ ಹೇಳಿದಳು. ಎತ್ತು ತಿವಿದು ಒಬ್ಬ ಬಂದಿದ್ದ. ಎದೆಯೊಳಗೆ ಗಾಳಿ ತುಂಬಿ ಉಸಿರು ಕಟ್ಟಿತ್ತು. ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಪಕ್ಕೆ ಕೊಯ್ದು ಟ್ಯೂಬ್ ಹಾಕಿದ್ದಕ್ಕೆ ಆಸಾಮಿ ಬದುಕಿದ. ಇಂಟರ್ವ್ಯೂನಲ್ಲಿ ಅದನ್ನೇ ಹೇಳಿದ್ದಳು. ಟ್ಯೂಬ್ ಹಾಕಿದ್ದು ಯಾರು ಎಂದು ಕೇಳಿದ್ದಕ್ಕೆ, "ನರ್ಸಮ್ಮ ಬಾಳ ಒತ್ತಾಸೆ ಮಾಡುದ್ರು, ದೇವ್ರು ದೊಡ್ಡೋನು, ಎಲ್ಲಾರೂ ಸೇರಿ ಉಳಿಸ್ಕಂಡ್ವಿ" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಿದ್ದಳಂತೆ. "ಅಂದ್ರೆ ನೀನು ನಿಂತು ನೋಡ್ತಿದ್ದೆ" ಎಂದರಂತೆ ಅವರು. ಇವಳು ನಮಸ್ಕಾರ ಹೇಳಿ ಎದ್ದು ಬಂದಳಂತೆ.

"ಹಾಕಿದ್ದು ಯಾರು?" ಡಾಕ್ಟ್ರಮ್ಮ ಕೇಳಿದರು.

"ನಾನೇ..."

"ಮತ್ತೆ ಅದ್ನ ಯೋಳಾಕೆ ಏನಾಗಿತ್ತು ಬಾಯಿಗೆ?"

ಏನಾಗಿತ್ತೆಂದು ನನಗೆ ಗೊತ್ತು. ನಮ್ಮ ಮನೆಗಳಲ್ಲಿ ಹಸು ಕೊಡ ತುಂಬ ಹಾಲು ಕರೆದರೂ, ಕೇಳಿದವರಿಗೆ "ಏನೋ ಕೊಡ್ತೈತೆ" ಅನ್ನಬೇಕು. ಬೆಳೆ ಚೆನ್ನಾಗಿದ್ದರೆ "ಆ ತಾಯಿ ಕೊಟ್ಟಂಗೆ". ಹೆಣ್ಣುಮಗಳು 'ಸಾರು ನಾನೇ ಮಾಡಿದ್ದು, ಚೆನ್ನಾಗೈತಾ' ಎಂದರೆ ಅಜ್ಜಿ ಬಾಯಿಯ ಮೇಲೆ ಹೊಡೆಯುತ್ತಿತ್ತು. ದಿಷ್ಟಿಯಾಗುತ್ತದೆ ಎಂಬ ಭಯ. ನಾನು ಗಂಡಸು, ಮೇಲಾಗಿ ಅಂಗಡಿಯವನು. ನನ್ನ ಜಂಬವನ್ನು ಯಾರೂ ತಡೆಯಲಿಲ್ಲ. ಅವಳು ಮಾತ್ರ ಆ ಪಾಠವನ್ನು ಇಂಟರ್ವ್ಯೂ ರೂಮಿನವರೆಗೂ ಹೊತ್ತುಕೊಂಡು ಹೋಗಿದ್ದಳು.

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ಲೇ ಮೋಟಾರು, ಆ ಗೌಂಡರ ಬಾವಿ ಮೋಟಾರು ಯಾರ್ಲಾ ಕಟ್ಟಿದ್ದು?"

"ನಾನು."

"ಸುಟ್ಟೋದ್ರೆ?"

"ಅದೂ ನಾನೇ. ನನ್ನ ಕೈಕೆಲಸ ಸುಟ್ರೆ ನಾನೇ ಬಿಚ್ಚಿ ಕಟ್ಕೊಡ್ತೀನಿ."

"ಕೇಳ್ದಾ ಮಗಾ?"

"ನಮ್ಮಣ್ಣಂದು ಬರೀ ಜಂಬ ಡಾಕ್ಟ್ರಮ್ಮ."

"ಜಂಬಾನೂ ವಸಿ ಐತೆ, ಇರ್ಲಿ. ಸುಟ್ಟಾಗ್ಲೂ ನಾನು ಅಂತಾನಲ್ಲ, ಅದ ಕಲ್ತ್ಕೋ."

ಅಂದಿನಿಂದ ತಂಗಿಗೆ ರಜೆ ಸಿಕ್ಕಾಗಲೆಲ್ಲ ಕ್ಲಿನಿಕ್ಕಿನಲ್ಲಿ ಇಂಟರ್ವ್ಯೂ. ಡಾಕ್ಟ್ರಮ್ಮ, ಅವರ ಕಾಂಪೌಂಡರು, ನಾನು ಮೇಜಿನ ಆಚೆ. ತಂಗಿ ಈಚೆ. ನನಗೇನು ಗೊತ್ತು ಎಂದು ನಾನು ಗೊಣಗಿದರೆ, "ಗೊತ್ತಿಲ್ದೋನೇ ಬೇಕು. ನಿಂಗೆ ಅರ್ಥ ಆಗಾಗಂಟ ಅವ್ಳನ್ನ ಬುಡಬ್ಯಾಡ" ಎಂದು ಕೂರಿಸಿದರು. ಬಾಗಿಲು ತಟ್ಟಿ ಬರುವುದು, ಕೂತುಕೊಳ್ಳಿ ಎಂದ ಮೇಲೆ ಕೂರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗುವುದು, ಎಲ್ಲ ತಿದ್ದಿದರು. ಸರ್ಟಿಫಿಕೇಟುಗಳನ್ನು ಕೇಳಿದ ಕೂಡಲೇ ಕೈಗೆ ಸಿಗುವಂತೆ ಜೋಡಿಸಿಕೊಟ್ಟರು. ಬೆಳಿಗ್ಗೆ ಇಡ್ಲಿಯಾದರೂ ತಿಂದೇ ಹೋಗು, ಕರೆಯುವುದು ಮಧ್ಯಾಹ್ನವೂ ಆದೀತು, ಹಸಿದ ಹೊಟ್ಟೆಯಲ್ಲಿ ಬುದ್ಧಿ ಓಡುವುದಿಲ್ಲ ಎಂದರು.

ಒಮ್ಮೆ ಅವರು ಕಣ್ಣು ಮಿಟುಕಿಸಿದ್ದೇ ತಡ, ಕಾಂಪೌಂಡರು ತಮಿಳಿನಲ್ಲಿ ಕೇಳಿಯೇಬಿಟ್ಟರು: "ಕಲ್ಯಾಣಂ ಆನಾ ವಿಟ್ಟುಡುವಿಯಾ ಮಾ?"

ಮದುವೆಯಾದರೆ ಬಿಟ್ಟುಬಿಡುತ್ತೀಯಾ ಎಂಬ ಆ ಪ್ರಶ್ನೆಗೆ ತಂಗಿ ತಲೆ ತಗ್ಗಿಸಿದಳು.

"ಏನಮ್ಮಿ, ಉತ್ರ ನೆಲದ್ ಮ್ಯಾಲೆ ಬರ್ದೈತಾ?" ಡಾಕ್ಟ್ರಮ್ಮ ಮೇಜು ಗುದ್ದಿದರು. "ಇದ್ನ ಕೇಳೇ ಕೇಳ್ತಾರೆ. ನನ್ನೂ ಕೇಳುದ್ರು. ಸಿಟ್ಟು ಮಾಡ್ಬ್ಯಾಡ, ಅಳಬ್ಯಾಡ. ಬುಡಾಕಿಲ್ಲ ಅಂತ ಮುಖ ನೋಡ್ಕಂಡು ಯೋಳು."

ಆ ಪ್ರಶ್ನೆ ದಾಟಿಯೇ ಅವರೂ ಸರ್ಜನ್ ಆಗಿದ್ದರು ಎಂದು ಆ ದಿನವೇ ನನಗೆ ತಿಳಿದದ್ದು. ಬೆರಳು ಬಾಗಿದ ಮೇಲೆ ಕತ್ತರಿ ಹಿಡಿಯಲಾಗದೆ ಬರೀ ಮಾತ್ರೆ, ಸೂಜಿಮದ್ದಿನಲ್ಲಿ ನೌಕರಿ ಸವೆಸಿದ್ದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮರುವರ್ಷದ ಇಂಟರ್ವ್ಯೂಗೆ ನಾನೇ ಜೊತೆಗೆ ಹೋದೆ. ಉದ್ದನೆಯ ವರಾಂಡ, ಇಸ್ತ್ರಿ ಮಾಡಿದ ಶರ್ಟು ಹಾಕಿದ ಡಾಕ್ಟರುಗಳು, ಅವರ ಅಪ್ಪಂದಿರೂ ಡಾಕ್ಟರುಗಳೇ. ಅವರ ನಡುವೆ ಕೂರಲು ನನಗೇನೂ ಸಂಕೋಚವಾಗಲಿಲ್ಲ. ಹೊರಗೆ ಬಂದ ತಂಗಿಯ ಮುಖ ಬೆವೆತಿತ್ತು.

"ನಿನ್ನ ಕೈಲಿ ಕೆಟ್ಟೋದ ಕೇಸು ಒಂದು ಯೋಳು ಅಂದ್ರು ಅಣ್ಣಾ."

"ನೀನೇನಂದೆ?"

"ಇನ್ನೊಬ್ಬ ಬಂದಿದ್ನಲ್ಲ, ಸ್ಕೂಟರಿಂದ ಬಿದ್ದೋನು. ಅವ್ನಿಗೂ ಟ್ಯೂಬ್ ಬೇಕಿತ್ತು. ಸೇಲಂಗೆ ಕಳ್ಸಾದಾ, ನಾನೇ ಆಕಾದಾ ಅಂತ ವೊತ್ತು ಕಳೆದೋಳು ನಾನು, ಅಷ್ಟ್ರಾಗೆ ಅವ್ನು ಓಗ್ಬುಟ್ಟ ಅಂದೆ. ಈಗ ಬಂದ್ರೆ ಏನ್ ಮಾಡ್ತೀಯಾ ಅಂದ್ರು. ಮೊದ್ಲು ಟ್ಯೂಬ್ ಆಕ್ತೀನಿ, ಆಮೇಲೆ ಗಾಡಿ ಕರಿತೀನಿ ಅಂದೆ."

"ಮದ್ವೆ ವಿಷ್ಯ?"

"ಕೇಳುದ್ರು. ಬುಡಾಕಿಲ್ಲ ಅಂದೆ." ನಕ್ಕಳು. "ಮುಖ ನೋಡ್ಕಂಡೇ ಅಂದೆ."

ಸೀಟು ಸಿಕ್ಕಿತು. ಸುದ್ದಿ ಹೇಳಲು ಓಡಿದರೆ ಡಾಕ್ಟ್ರಮ್ಮ ಒಬ್ಬ ಅಜ್ಜನ ಕಿವಿಯೊಳಗೆ ಟಾರ್ಚು ಬಿಟ್ಟುಕೊಂಡು ಕೂತಿದ್ದರು. ತಲೆಯೆತ್ತದೆ "ಸರಿ, ಓಗಿ ದುಡೀಲಿ" ಎಂದರು. ಆಮೇಲೆ ಕಾಂಪೌಂಡರನ್ನು ಕಳಿಸಿ ಇಡೀ ಬೀದಿಗೆ ಮೈಸೂರುಪಾಕು ಹಂಚಿಸಿದರು.

ತಂಗಿ ಓದು ಮುಗಿಸಿ ಸೇಲಂನ ಒಂದು ಆಸ್ಪತ್ರೆಗೆ ಸೇರಿದ ವರ್ಷ, ಡಾಕ್ಟ್ರಮ್ಮ ಹೊಟ್ಟೆನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ನನ್ನ ಅಂಗಡಿಯ ಮುಂದೆಯೇ ಕುಸಿದರು. ವ್ಯಾನಿನಲ್ಲಿ ಮಲಗಿಸಿಕೊಂಡು ಸೇಲಂಗೆ, ತಂಗಿಯ ಆಸ್ಪತ್ರೆಗೇ ಹೋದೆವು. ಕರುಳು ತೂತಾಗಿತ್ತು, ತಡವಾಗಿತ್ತು. ಬೇಕಾದವರಿಗೆ ನೀನೇ ಕತ್ತರಿ ಹಿಡಿಯಬೇಡ, ಬೇರೆ ಸರ್ಜನ್ ಮಾಡಲಿ ಎಂದು ಅಲ್ಲಿನ ದೊಡ್ಡವರು ತಂಗಿಗೆ ಹೇಳಿದರು. ಡಾಕ್ಟ್ರಮ್ಮ ಆ ಬಾಗಿದ ಬೆರಳನ್ನು ತಂಗಿಯ ಕಡೆ ಎತ್ತಿದರು. ಆಗಲೂ ಅದು ಡಾಕ್ಟ್ರಮ್ಮನ ಕಡೆಗೇ ತಿರುಗಿತ್ತು. "ಇವ್ಳೇ ಮಾಡ್ಲಿ" ಎಂದರು.

ಆಪರೇಷನ್ ಆದ ಮರುದಿನ ಹೋಗಿಬಿಟ್ಟರು.

ಹರೂರಿನಿಂದ ಓಡಿಬಂದ ಅವರ ತಮ್ಮ ವರಾಂಡದಲ್ಲಿ ನಿಂತು, "ಯಾರು ಆಪರೇಷನ್ ಮಾಡಿದ್ದು?" ಎಂದು ಕೂಗಿದರು. ಒಂದಿಬ್ಬರು ನರ್ಸುಗಳು ಪಕ್ಕಕ್ಕೆ ಸರಿದರು. ದೇವರ ಇಚ್ಛೆ, ಕೈಮೀರಿತ್ತು, ಹೀಗೆ ಅನ್ನಲು ಎಷ್ಟೋ ಮಾತುಗಳಿದ್ದವು, ಸುಳ್ಳೂ ಆಗುತ್ತಿರಲಿಲ್ಲ.

"ನಾನು" ಎಂದಳು ತಂಗಿ. "ನಾನೇ ಮಾಡ್ದೆ. ಉಳಿಸ್ಕಳಾಕೆ ಆಗ್ಲಿಲ್ಲ. ಕೂತ್ಕಳಿ, ಏನೇನ್ ಮಾಡ್ದೆ ಅಂತ ಎಲ್ಲ ಯೋಳ್ತೀನಿ."

ಅವರು ಕೂತರು. ಅವಳು ಅವರ ಮುಖ ನೋಡಿಕೊಂಡು ಎಲ್ಲವನ್ನೂ ಹೇಳಿದಳು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ತಂಗಿ ಮೊದಲ ಬಸ್ಸಿಗೇ ಸೇಲಂಗೆ ಹೊರಟಳು. ಆಪರೇಷನ್ನಿಗೆ ಒಬ್ಬ ರೋಗಿ ಕಾಯುತ್ತಿದ್ದ. ಅವಳನ್ನು ಬಸ್ಸು ಹತ್ತಿಸಿ ಬಂದು ನಾನು ಅಂಗಡಿ ತೆರೆದೆ. ಹಿಂದಿನ ತಿಂಗಳು ನಾನೇ ಕಟ್ಟಿಕೊಟ್ಟಿದ್ದ ಮೋಟಾರೊಂದು ಸುಟ್ಟು ವಾಪಸು ಬಂದಿತ್ತು. ಬಿಚ್ಚಲು ಕೂತೆ.